ಚೆಲ್ಲೋ ನೀರಲ್ಲೂ ಕರೆಂಟ್ ಇದೆ

ಅಡುಗೆಮನೆಯ ಆರ್‌ಒ ಫಿಲ್ಟರ್‌ನಿಂದ ಒಂದು ಸಣ್ಣ ಪೈಪು ಸಿಂಕಿಗೆ ಇಳಿದಿರುತ್ತಲ್ಲ, ಆ ನೀರನ್ನ ನೀವೇನು ಮಾಡ್ತೀರಿ? ನಮ್ಮಮ್ಮ ಅದಕ್ಕೊಂದು ಬಕೆಟ್ ಇಟ್ಟಿದ್ದಾರೆ. ನೆಲ ಒರೆಸೋಕೆ, ಬಾತ್‌ರೂಮ್ ತೊಳೆಯೋಕೆ ಅದೇ. "ದುಡ್ಡು ಕೊಟ್ಟು ಟ್ಯಾಂಕರ್ ತರಿಸಿ ಮೋರಿಗೆ ಬಿಡೋದಾ?" ಅಂತಾರೆ.

ಕಡಲ ನೀರನ್ನ ಸಿಹಿ ಮಾಡೋ ಸ್ಥಾವರಗಳಲ್ಲೂ ಇದೇ ಲೆಕ್ಕ. ಅಲ್ಲಿ ಉಳಿಸೋದು ಮಾತ್ರ ನೀರಿನ ಒತ್ತಡವನ್ನ.

ಒಂದು ಲೀಟರ್ ಕಡಲ ನೀರಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತೆ. ಅದನ್ನ ಪೊರೆಯ ಮೂಲಕ ಸೋಸಬೇಕಾದರೆ ಹತ್ತಿರ ಹತ್ತಿರ 60 ಬಾರ್ ಒತ್ತಡ ಬೇಕು. ಅಂದರೆ ಕಾರಿನ ಟೈರಿನ ಗಾಳಿಗಿಂತ 25 ಪಟ್ಟಿಗೂ ಹೆಚ್ಚು! ಹೀಗೆ ನೂಕಿದ 100 ಲೀಟರಲ್ಲಿ ಸಿಹಿನೀರಾಗೋದು ಸುಮಾರು 40. ಉಳಿದ 60 ಲೀಟರ್ ಗಟ್ಟಿ ಉಪ್ಪುನೀರು, ಹೆಚ್ಚುಕಮ್ಮಿ ಅದೇ ಒತ್ತಡದಲ್ಲಿ ಹೊರಗೆ ಬರುತ್ತೆ. ಸುಮ್ಮನೆ ಬಿಟ್ಟರೆ ಪಂಪು ಪಟ್ಟ ಶ್ರಮದಲ್ಲಿ ಅರ್ಧಕ್ಕಿಂತ ಹೆಚ್ಚು ಸಮುದ್ರಪಾಲು.

ಮೊದಮೊದಲು ಈ ನೀರಿನಿಂದ ಪೆಲ್ಟನ್ ಚಕ್ರ ತಿರುಗಿಸಿದರು. ನಮ್ಮ ಶರಾವತಿಯಲ್ಲಿ ವಿದ್ಯುತ್ ಮಾಡೋದೂ ಅಂಥದ್ದೇ ಚಕ್ರ. ಆಮೇಲೆ ಬಂತು ಒತ್ತಡ ವಿನಿಮಯ ಯಂತ್ರ. ಸೆರಾಮಿಕ್ ಉರುಳೆ, ಅದರ ತುಂಬಾ ಉದ್ದುದ್ದ ತೂತುಗಳು. ಒಂದು ಕಡೆಯಿಂದ ಉಪ್ಪುನೀರು ನುಗ್ಗಿ, ಇನ್ನೊಂದು ಕಡೆ ಇರೋ ಹೊಸ ಕಡಲ ನೀರನ್ನ ನೇರವಾಗಿ ತಳ್ಳುತ್ತೆ. ಎರಡೂ ಬೆರೆಯೋದು ತೀರಾ ಸ್ವಲ್ಪ. ನೂರಕ್ಕೆ 95ಕ್ಕೂ ಹೆಚ್ಚು ಪಾಲು ಶಕ್ತಿ ವಾಪಸ್! ದೊಡ್ಡ ಪಂಪು ಈಗ ಸುಮಾರು 40 ಲೀಟರಿಗಷ್ಟೇ ದುಡಿದರೆ ಸಾಕು. ಉಳಿದದ್ದಕ್ಕೆ ಒಂದು ಚಿಕ್ಕ ಬೂಸ್ಟರ್ ಪಂಪು.

ಹಿಂದೆ ಸಾವಿರ ಲೀಟರ್ ಸಿಹಿನೀರಿಗೆ ಒತ್ತಡ ಕೊಡೋಕೇ 4 ಯೂನಿಟ್‌ಗಿಂತ ಹೆಚ್ಚು ಕರೆಂಟ್ ಹೋಗ್ತಿತ್ತು. ಇವತ್ತಿನ ಒಳ್ಳೆ ಸ್ಥಾವರದಲ್ಲಿ ಎಲ್ಲ ಕೆಲಸ ಸೇರಿ 3ರಿಂದ 4 ಯೂನಿಟ್.

ಇದು ದೂರದ ಮಾತಲ್ಲ. ಚೆನ್ನೈನಲ್ಲಿರೋ ನಮ್ಮವರು ಎಷ್ಟೋ ಜನ ನೆಮ್ಮೇಲಿಯ ನೀರು ಕುಡೀತಿದ್ದಾರೆ. ಮಂಗಳೂರಿನ ತಣ್ಣೀರುಬಾವಿಯಲ್ಲಿ ಎಂಆರ್‌ಪಿಎಲ್ ಸಂಸ್ಕರಣಾಗಾರಕ್ಕೂ ಇಂಥದ್ದೊಂದು ಸ್ಥಾವರ ಇದೆ. ಬೇಸಿಗೆಯಲ್ಲಿ ನೇತ್ರಾವತಿಯನ್ನೇ ನೆಚ್ಚಿಕೊಳ್ಳೋದು ಕಷ್ಟ ಅಂತ ಗೊತ್ತಾದ ಮೇಲೆ ಮಾಡಿಕೊಂಡ ದಾರಿ ಅದು.

ಆದರೆ ಒಂದು ಮಾತು. ಒತ್ತಡ ವಾಪಸ್ ಬಂದರೂ ಗಟ್ಟಿ ಉಪ್ಪುನೀರು ಹೋಗೋದು ಮೀನಿರೋ ಕಡಲಿಗೇ. ಶಕ್ತಿ ಎಷ್ಟೇ ಉಳಿಸಿದರೂ ಸಾವಿರ ಲೀಟರಿಗೆ ಸುಮಾರು ಒಂದು ಯೂನಿಟ್‌ಗಿಂತ ಕೆಳಗಿಳಿಯೋಕೆ ಪ್ರಕೃತಿಯೇ ಬಿಡಲ್ಲ. ಛಾವಣಿಗೆ ಬಿದ್ದ ಮಳೆನೀರಿಗೆ ಈ ತಾಪತ್ರಯ ಯಾವುದೂ ಇಲ್ಲ.

ಅಷ್ಟರವರೆಗೆ ಅಮ್ಮನ ಬಕೆಟ್ ಅಲ್ಲೇ ಇರಲಿ. ನಿಮ್ಮನೇಲಿ ಆ ಪೈಪಿನ ಕೆಳಗೆ ಏನಿದೆ?