ಅಂಗಳಕ್ಕೆ ಕಣಗಿಲೆ

ಆಳಂದ ತಾಲ್ಲೂಕಿನ ಭೂಸನೂರಿನಂತಹ ಊರುಗಳಲ್ಲಿ ಬೇಸಗೆಯ ಎರೆನೆಲ ಬಿರುಕುಬಿಡುತ್ತದೆ. ಅಲ್ಲಿಯೂ ಅಂಗಳದಲ್ಲಿ ಹುಲ್ಲುಹಾಸು ಬೆಳೆಸಿ ಕೊಡಗಟ್ಟಲೆ ನೀರೆರೆಯುವುದೇ ತೋಟಗಾರಿಕೆಯೆಂದು ನಂಬಿದವರುಂಟು. ಭೌತವಿಜ್ಞಾನ ಇದಕ್ಕೆ ಒಪ್ಪದು. ಇಪ್ಪತ್ತು ಡಿಗ್ರಿ ಸೆಂಟಿಗ್ರೇಡಿನಲ್ಲಿ ನೀರಾವಿಯ ಪರ್ಯಾಪ್ತ ಒತ್ತಡ ಸುಮಾರು 17.5 ಮಿಲಿಮೀಟರ್ ಪಾದರಸದಷ್ಟು. ನಲವತ್ತು ಡಿಗ್ರಿಯಲ್ಲಿ ಅದು 55ಕ್ಕೇರುತ್ತದೆ. ಬಿಸಿಯಾದ ಒಣಗಾಳಿಯ ಈ ದಾಹಕ್ಕೆ ತೆಳುವಾದ ಎಲೆಗಳು ಬಲಿಯಾಗುತ್ತವೆ.

ಹೀಗಿರುವಲ್ಲಿ ನಾವು ನೆಡಬೇಕಾದುದು ಕಣಗಿಲೆಯನ್ನು ಎಂದು ನನ್ನ ಅಭಿಪ್ರಾಯ. ಬೇಸಗೆಯಲ್ಲಿ ನೀರು ಬತ್ತುವ ಹಳ್ಳಗಳ ಪಾತ್ರವೇ ಇದರ ಸಹಜ ನೆಲೆ. ಕಷ್ಟಕಾಲ ಇದಕ್ಕೆ ಹೊಸತಲ್ಲ. ಎಲೆಯ ಕೆಳಮೈಯಲ್ಲಿ ರೋಮಗಳಿಂದ ತುಂಬಿದ ಗುಳಿಗಳಿವೆ. ಪತ್ರರಂಧ್ರಗಳು ಅವುಗಳೊಳಗೆ ಅಡಗಿವೆ. ಗುಳಿಯ ನಿಶ್ಚಲವಾದ ಗಾಳಿಯಿಂದ ಆವಿಯ ನಷ್ಟ ಬಹಳವಾಗಿ ತಗ್ಗುವುದೆಂದು ಪಠ್ಯಪುಸ್ತಕಗಳು ಹೇಳುತ್ತವೆ. ನಾನೂ ಹಾಗೆಯೇ ನಂಬಿದ್ದೆ. ಆದರೆ ಇಂತಹವೇ ಗುಳಿಗಳುಳ್ಳ ಆಸ್ಟ್ರೇಲಿಯದ ಬ್ಯಾಂಕ್ಸಿಯಾ ಗಿಡಗಳನ್ನು ಕುರಿತು 2009ರಲ್ಲಿ ಪ್ರಕಟವಾದ ಲೆಕ್ಕಾಚಾರಗಳು, ಆ ಉಳಿತಾಯ ಅಲ್ಪವೆಂದು ತೋರಿಸಿದುವು. ದಪ್ಪನೆಯ ಎಲೆಯ ಒಳಭಾಗಕ್ಕೆ ಇಂಗಾಲದ ಡೈಆಕ್ಸೈಡನ್ನು ತಲಪಿಸುವುದೇ ಗುಳಿಗಳ ಕೆಲಸವಿರಬಹುದು. ನೀರನ್ನು ಕಾಯುವಲ್ಲಿ ಮೇಣದಂತಹ ಹೊರಪೊರೆಗೂ, ಬರ ಬಂದಾಗ ರಂಧ್ರಗಳನ್ನು ಮುಚ್ಚಿಕೊಳ್ಳುವ ಗುಣಕ್ಕೂ ಹೆಚ್ಚಿನ ಪಾಲು ಸಲ್ಲಬೇಕು. ಅಚ್ಚಾದ ಚಿತ್ರವೊಂದು ಅಂದವಾಗಿದೆಯೆಂಬ ಮಾತ್ರಕ್ಕೆ ಅದರ ವಿವರಣೆ ನಿಜವಾಗಬೇಕಿಲ್ಲವಷ್ಟೆ!

ಕಣಗಿಲೆ ವಿಷವೆಂಬ ಆಕ್ಷೇಪವನ್ನು ಹಿರಿಯರು ಎತ್ತುವರು. ಅದು ಸುಳ್ಳಲ್ಲ. ಬೇರು, ಎಲೆ, ಹೂವು ಎಲ್ಲದರಲ್ಲಿಯೂ ಹೃದಯದ ಬಡಿತವನ್ನು ಕೆಡಿಸುವ ಒಲಿಯಾಂಡ್ರಿನ್ ಮೊದಲಾದ ವಸ್ತುಗಳಿವೆ. ಒಣಗಿದರೂ ಅವು ನಾಶವಾಗುವುದಿಲ್ಲ. ಶಿವಪೂಜೆಗೆ ಹೂವು ಕೊಯ್ಯುವ ಕೈಗಳು ಇದನ್ನರಿತೇ ತಲೆಮಾರುಗಳಿಂದ ಗಿಡವನ್ನು ಸಾಕಿವೆ. ಆದರೂ ಎಳೆಯ ಮಕ್ಕಳು ಆಡುವಲ್ಲಿ, ಆಡುಕುರಿ ನುಗ್ಗುವ ಬೇಲಿಯಲ್ಲಿ ಇದು ಖಂಡಿತ ಬೇಡ. ಅಲ್ಲಿಗೆ ನಮ್ಮ ಬಯಲಿನ ತಂಗಡಿಯೇ ಸಾಕು. ನೆರೆಯ ತೆಲಂಗಾಣ ರಾಜ್ಯಪುಷ್ಪವೆಂದು ಗೌರವಿಸಿದ ಈ ಹಳದಿ ಹೂವಿನ ಗಿಡವನ್ನು ನಾವು ಕಳೆಯೆಂದು ಕಡೆಗಣಿಸಿದ್ದೇವೆ.

ಮಳೆಗಾಲದ ಆರಂಭದಲ್ಲಿ ಕಣಗಿಲೆಯ ಗೇಣುದ್ದದ ಬಲಿತ ಕಡ್ಡಿಯನ್ನು ನೆಟ್ಟರೆ ಬೇರೂರುತ್ತದೆ. ಮೊದಲ ಬೇಸಗೆಯಲ್ಲಿ ಮಾತ್ರ ನೀರು ತಪ್ಪಿಸಬಾರದು. ಹೂವು ಬಿಡುವುದು ಹೊಸ ಚಿಗುರಿನಲ್ಲಾದುದರಿಂದ ಕತ್ತರಿಸಲು ಹಿಂಜರಿಯಬೇಕಿಲ್ಲ. ಕತ್ತರಿಸಿದ ಮೇಲೆ ಕೈ ತೊಳೆಯಿರಿ; ಕೊಂಬೆಗಳನ್ನು ಒಲೆಗೆ ಹಾಕದೆ, ದನಗಳ ಬಾಯಿಗೆ ಸಿಗದಂತೆ ಆಳವಾದ ಗುಂಡಿಯಲ್ಲಿ ಹೂಳಿರಿ.