ತರಕಾರಿ ಬೇಸಾಯದ ಲಾಭನಷ್ಟ

ಬೇಸಾಯವನ್ನು ಕುರಿತು ಮಾತನಾಡುವವರಲ್ಲಿ ಎರಡು ಪಕ್ಷಗಳುಂಟು. ರಾಸಾಯನಿಕ ಗೊಬ್ಬರವಿಲ್ಲದೆ ಇಳುವರಿಯಿಲ್ಲ ಎನ್ನುವವರು ಒಂದು ಪಕ್ಷದವರು. ಕೊಟ್ಟಿಗೆ ಗೊಬ್ಬರವನ್ನು ನಂಬಿದವನಿಗೆ ಕೇಡಿಲ್ಲ ಎನ್ನುವವರು ಇನ್ನೊಂದು ಪಕ್ಷದವರು. ಮೊದಲನೆಯವರು ಬೆಳೆಯ ತೂಕವನ್ನು ತೋರಿಸುತ್ತಾರೆ. ಎರಡನೆಯವರು ಮಾರಾಟದ ಬೆಲೆಯನ್ನು ತೋರಿಸುತ್ತಾರೆ. ಆದರೆ ರೈತನ ಸಂಸಾರ ಸಾಗುವುದು ಖರ್ಚು ಕಳೆದು ಕೈಯಲ್ಲಿ ಉಳಿಯುವ ಹಣದಿಂದ. ಎರಡು ಪದ್ಧತಿಗಳನ್ನೂ ಆ ಉಳಿಕೆಯಿಂದಲೇ ಅಳೆಯಬೇಕೆಂಬುದು ನನ್ನ ಅಭಿಪ್ರಾಯ.

ಕೋಲಾರ ಜಿಲ್ಲೆಯ ಟೊಮೆಟೊ ಬೆಳೆಯನ್ನು ತೆಗೆದುಕೊಳ್ಳೋಣ. ಸಸಿ, ಗೊಬ್ಬರ, ಔಷಧಿ, ಗಿಡಕ್ಕೆ ಆಸರೆಯಾಗುವ ಕೋಲು, ಕೊಯ್ಲಿನ ಕೂಲಿ, ಸಾಗಣೆ, ಇವೆಲ್ಲಕ್ಕೂ ರೈತನು ಹಣ ಹಾಕಬೇಕು. ಅನೇಕ ವೇಳೆ ಅದು ಸಾಲದ ಹಣ. ಬೆಲೆಯಾದರೋ ಅವನ ಕೈಯಲ್ಲಿಲ್ಲ. 2023ರ ಜುಲೈ ತಿಂಗಳಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋಗ್ರಾಂ ಟೊಮೆಟೊ ಪೆಟ್ಟಿಗೆಯ ಬೆಲೆ 2,000 ರೂಪಾಯಿಗಳನ್ನು ದಾಟಿತು. ಕೆಲವೇ ವಾರಗಳಲ್ಲಿ ಅದು ಕುಸಿದುಬಿದ್ದಿತು.

ಸಾವಯವ ಪದ್ಧತಿಯಲ್ಲಿ ಗೊಬ್ಬರದಂಗಡಿಯ ಸಾಲ ಕಡಮೆಯಾಗುತ್ತದೆ. ಆದರೆ ಕಳೆ ಕೀಳಲು, ಗೊಬ್ಬರ ಕೊಳೆಸಿ ಹೊಲಕ್ಕೆ ಸಾಗಿಸಲು ಕೂಲಿ ಹೆಚ್ಚು ಬೇಕು. ಇಳುವರಿಯೂ ಸಾಮಾನ್ಯವಾಗಿ ಕಡಮೆ. ಒಂದು ಲೆಕ್ಕವನ್ನು ಊಹಿಸಿಕೊಳ್ಳೋಣ. ರಾಸಾಯನಿಕ ಪದ್ಧತಿಯ ರೈತನು 18,000 ರೂಪಾಯಿ ಖರ್ಚುಮಾಡಿ, 100 ಪೆಟ್ಟಿಗೆ ಬೆಳೆದು, ಪೆಟ್ಟಿಗೆಗೆ 300 ರೂಪಾಯಿಯಂತೆ ಮಾರಿದರೆ ಅವನಿಗೆ ಉಳಿಯುವುದು 12,000 ರೂಪಾಯಿ. ಅಷ್ಟೇ ನೆಲದಲ್ಲಿ ಸಾವಯವ ರೈತನು 14,000 ರೂಪಾಯಿ ಖರ್ಚುಮಾಡಿ 80 ಪೆಟ್ಟಿಗೆ ಬೆಳೆದನೆನ್ನೋಣ. ಅದೇ ಬೆಲೆಗೆ ಮಾರಿದರೆ ಅವನಿಗೆ ಉಳಿಯುವುದು 10,000. ಪೆಟ್ಟಿಗೆಗೆ 50 ರೂಪಾಯಿ ಹೆಚ್ಚು ದೊರೆತರೆ 14,000. ಲಾಭವೋ ನಷ್ಟವೋ ಎಂಬುದನ್ನು ಆ 50 ರೂಪಾಯಿಯೇ ನಿರ್ಣಯಿಸುತ್ತದೆ.

ಆ ಹೆಚ್ಚಿನ ಬೆಲೆ ಸುಲಭವಾಗಿ ಸಿಕ್ಕುವುದಿಲ್ಲ. ನಮ್ಮ ದೇಶದ ಪ್ರಮಾಣೀಕರಣದ ನಿಯಮದಂತೆ ತರಕಾರಿಯಂತಹ ಬೆಳೆಗಳ ಹೊಲವು ಕನಿಷ್ಠ ಎರಡು ವರ್ಷ ಪರಿವರ್ತನೆಯ ಅವಧಿಯಲ್ಲಿರಬೇಕು. ಆಗ ಬೆಳೆದುದನ್ನು ಸಾವಯವವೆಂದು ಮಾರುವಂತಿಲ್ಲ. ಇಳುವರಿ ಇಳಿದಿರುತ್ತದೆ, ಬೆಲೆ ಏರಿರುವುದಿಲ್ಲ. ಸಣ್ಣ ರೈತನು ಸೋಲುವುದು ಇಲ್ಲಿಯೇ.

ಹಾಗೆಂದು ರಾಸಾಯನಿಕ ಪದ್ಧತಿ ಅಗ್ಗವೆನ್ನುವಂತಿಲ್ಲ. ಯೂರಿಯಾ ಗೊಬ್ಬರಕ್ಕೆ ಕೇಂದ್ರ ಸರ್ಕಾರದ ಸಹಾಯಧನವಿರುವುದರಿಂದ ಅದರ ಪೂರ್ಣ ಬೆಲೆ ರೈತನ ಚೀಟಿಯಲ್ಲಿ ಕಾಣುವುದಿಲ್ಲ. ಸತ್ವಗುಂದಿದ ಮಣ್ಣು, ಕೆಟ್ಟ ಬಾವಿಯ ನೀರು, ಔಷಧಿ ಸಿಂಪಡಿಸುವವನ ಆರೋಗ್ಯ, ಇವುಗಳ ಬೆಲೆಯನ್ನು ಯಾರೂ ಚೀಟಿಯಲ್ಲಿ ಬರೆಯುವುದಿಲ್ಲ.

ಆದರೂ ಆತುರ ಸಲ್ಲದು. 2021ರಲ್ಲಿ ಶ್ರೀಲಂಕಾ ಸರ್ಕಾರವು ರಾಸಾಯನಿಕ ಗೊಬ್ಬರದ ಆಮದನ್ನು ಒಮ್ಮೆಗೇ ನಿಷೇಧಿಸಿತು. ಬತ್ತದ ಇಳುವರಿ ಕುಸಿಯಿತು. ಅದೇ ವರ್ಷ ನಿಷೇಧವನ್ನು ಹಿಂದೆಗೆದುಕೊಳ್ಳಬೇಕಾಯಿತು. ಪದ್ಧತಿಯನ್ನು ಆಜ್ಞೆಯಿಂದ ಬದಲಾಯಿಸಬಹುದು. ಮಣ್ಣು ಬದಲಾಗಲು ಕಾಲ ಬೇಕು.

ಕರ್ನಾಟಕವು 2004ರಲ್ಲಿಯೇ ಸಾವಯವ ಕೃಷಿ ನೀತಿಯನ್ನು ರೂಪಿಸಿತು. ಆ ನೀತಿ ಸಣ್ಣ ರೈತನ ಹೊಲವನ್ನು ಮುಟ್ಟಬೇಕಾದರೆ ಪರಿವರ್ತನೆಯ ವರ್ಷಗಳ ನಷ್ಟವನ್ನು ಸಮಾಜವು ಹಂಚಿಕೊಳ್ಳಬೇಕು. ಹೆಚ್ಚಿನ ಬೆಲೆಯ ಭಾರವನ್ನು ಬಡವರ ಮೇಲೆ ಹೊರಿಸುವುದು ನ್ಯಾಯವಲ್ಲ. ಸರ್ಕಾರದ ವಿದ್ಯಾರ್ಥಿನಿಲಯಗಳು ಇಂತಹ ರೈತರ ತರಕಾರಿಯನ್ನು ನಿಶ್ಚಿತ ಬೆಲೆಗೆ ಕೊಳ್ಳಬಹುದು. ಒಳ್ಳೆಯ ಮಣ್ಣಿನ ಫಲ ಎಲ್ಲರಿಗೂ ಸಲ್ಲುವುದಾದರೆ ಅದರ ವೆಚ್ಚವನ್ನು ರೈತನೊಬ್ಬನೇ ಹೊರಬೇಕೆನ್ನುವುದು ಧರ್ಮವೇ?