ಹೆಗಲ ನೋವಿಗೆ ನಾಚಿಕೆ ಮದ್ದಲ್ಲ

ಮುಂಬಯಿಯ ಕನ್ನಡ ಸಂಘ-ಸಂಸ್ಥೆಗಳು ಉಚಿತ ವೈದ್ಯಕೀಯ ಶಿಬಿರಗಳನ್ನು ಏರ್ಪಡಿಸುತ್ತಾ ಬಂದಿರುವುದು ಶ್ಲಾಘನೀಯ. ರಕ್ತದೊತ್ತಡ, ಮಧುಮೇಹ, ಕಣ್ಣು, ಹಲ್ಲು ಎಲ್ಲದರ ತಪಾಸಣೆಯೂ ನಡೆಯುತ್ತದೆ. ಆದರೆ ಬೆನ್ನು, ಕುತ್ತಿಗೆ, ಹೆಗಲು ನೋವೆಂದು ಬರುವ ಮಹಿಳೆ ಮಾತ್ರೆ, ಮುಲಾಮು ಪಡೆದು ಮರಳುತ್ತಾಳೆ. ಆ ನೋವಿಗೆ ಎದೆಯ ಭಾರವೂ ಕಾರಣವಾಗಿರಬಹುದು ಎಂಬ ಮಾತನ್ನು ಆಕೆ ಸಂಕೋಚದಿಂದ ಎತ್ತುವುದಿಲ್ಲ, ಎದುರಿಗೆ ಕುಳಿತವರೂ ಕೇಳುವುದಿಲ್ಲ.

ಸ್ತನಗಳ ಗಾತ್ರ ಹೆಚ್ಚಾದಾಗ ಅವುಗಳ ಭಾರ ದೇಹವನ್ನು ಮುಂದಕ್ಕೆ ಎಳೆಯುತ್ತದೆ. ಅದನ್ನು ತಡೆಯಲು ಕುತ್ತಿಗೆ ಮತ್ತು ಬೆನ್ನಿನ ಮೇಲ್ಭಾಗದ ಸ್ನಾಯುಗಳು ದಿನವಿಡೀ ದುಡಿಯಬೇಕಾಗುತ್ತದೆ. ಬ್ರಾದ ಪಟ್ಟಿ ಒತ್ತಿ ಹೆಗಲಲ್ಲಿ ಗುಳಿ ಬೀಳುತ್ತದೆ. ಕೆಲವರಿಗೆ ಕೈಬೆರಳುಗಳು ಜೋಮು ಹಿಡಿಯುತ್ತವೆ. ಎದೆಯ ಕೆಳಗಿನ ಮಡಿಕೆಯಲ್ಲಿ ಬೆವರು ನಿಂತು ಚರ್ಮ ಕೆಂಪೇರಿ ತುರಿಸುತ್ತದೆ. ಮುಂಬಯಿಯ ಸೆಕೆಯಲ್ಲಿ, ಒಂದೇ ಹೆಗಲಿಗೆ ಬ್ಯಾಗು ಏರಿಸಿಕೊಂಡು ಡೊಂಬಿವಲಿಯಿಂದ ಲೋಕಲ್ ರೈಲಿನಲ್ಲಿ ನಿಂತೇ ಬರುವವಳ ಪಾಡು ಹೇಳತೀರದು. ಹದಿಹರೆಯದ ಹುಡುಗಿಯಂತೂ ಎದೆ ಮರೆಮಾಡಲು ಬೆನ್ನು ಬಾಗಿಸಿ ನಡೆಯುತ್ತಾಳೆ, ಆಟವನ್ನೇ ಬಿಡುತ್ತಾಳೆ.

ಇದಕ್ಕೆ ಮೊದಲ ಪರಿಹಾರ ಒಂದು ಅಳತೆ ಟೇಪಿನಲ್ಲಿದೆ. ಎದೆಯ ಭಾರವನ್ನು ಹೆಚ್ಚಾಗಿ ಹೊರಬೇಕಾದದ್ದು ಹೆಗಲ ಪಟ್ಟಿಯಲ್ಲ, ಎದೆಯ ಕೆಳಗಿನಿಂದ ಬೆನ್ನು ಸುತ್ತಿ ಬರುವ ಪಟ್ಟಿ. ಅಂಗಡಿಯಲ್ಲಿ ಕೇಳುವ 34, 36, 38 ಎಂಬ ಅಂಕಿ ಈ ಸುತ್ತಳತೆಗೆ ಸಂಬಂಧಿಸಿದ್ದು. ಬಿ, ಸಿ, ಡಿ ಅಕ್ಷರಗಳು ಕಪ್ಪಿನ ಗಾತ್ರಕ್ಕೆ. ಎದೆ ತುಂಬಿಕೊಂಡಾಗ ಅಕ್ಷರವನ್ನು ಬದಲಿಸದೆ ಅಂಕಿಯನ್ನಷ್ಟೇ ಏರಿಸಿದರೆ ಸುತ್ತುಪಟ್ಟಿ ಸಡಿಲಾಗಿ ಬೆನ್ನಿನಲ್ಲಿ ಮೇಲೇರುತ್ತದೆ; ಭಾರವೆಲ್ಲ ಹೆಗಲಿಗೆ ಬೀಳುತ್ತದೆ. ಸುತ್ತುಪಟ್ಟಿ ಹಿಂದೆ-ಮುಂದೆ ಒಂದೇ ಮಟ್ಟದಲ್ಲಿದ್ದು ಅದರಡಿ ಎರಡು ಬೆರಳು ಮಾತ್ರ ಹೋಗುವಂತಿರಬೇಕು, ಹೆಗಲ ಪಟ್ಟಿ ಅಗಲವಾಗಿರಬೇಕು. ಹೆರಿಗೆಯ ಬಳಿಕ, ತೂಕದಲ್ಲಿ ಏರಿಳಿತವಾದಾಗ ಮತ್ತೆ ಅಳತೆ ನೋಡಬೇಕು.

ಫಿಸಿಯೋಥೆರಪಿಸ್ಟರು ಕಲಿಸುವ ಬೆನ್ನು, ಹೆಗಲಿನ ವ್ಯಾಯಾಮದಿಂದಲೂ ನೋವು ತಗ್ಗಬಹುದು. ತೂಕ ಇಳಿಸಿದರೆ ಕೆಲವರಿಗೆ ಅನುಕೂಲವಾಗುತ್ತದೆ, ಎಲ್ಲರಿಗೂ ಅಲ್ಲ. ತೆಳ್ಳಗಿನ ಮೈಕಟ್ಟಿನವರಿಗೂ ಈ ತೊಂದರೆ ಇರುವಾಗ 'ಊಟ ಕಡಿಮೆ ಮಾಡು' ಎಂದು ಹೇಳಿ ಕೈತೊಳೆದುಕೊಳ್ಳುವುದು ಸರಿಯಲ್ಲ.

ಇಷ್ಟರಲ್ಲಿ ಗುಣ ಕಾಣದವರಿಗೆ ಸ್ತನದ ಗಾತ್ರ ಇಳಿಸುವ ಶಸ್ತ್ರಚಿಕಿತ್ಸೆಯಿದೆ. ಬ್ರಾ, ವ್ಯಾಯಾಮ, ಔಷಧಿಗಳಿಂದ ಶಾಶ್ವತ ಪರಿಹಾರ ಕಾಣದ ಮಹಿಳೆಯರ ನೋವು ಈ ಚಿಕಿತ್ಸೆಯಿಂದ ಗಣನೀಯವಾಗಿ ಇಳಿದುದನ್ನು ಅಮೆರಿಕದಲ್ಲಿ 2002ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಕಲೆ ಉಳಿಯುವುದು, ಸ್ಪರ್ಶಜ್ಞಾನ ಕುಗ್ಗುವುದು, ಮುಂದೆ ಮಗುವಿಗೆ ಹಾಲೂಡಿಸಲು ತೊಡಕಾಗುವುದು ಇದರ ಅಪಾಯಗಳು. ಆದ್ದರಿಂದ ಅವಸರ ಸಲ್ಲದು. ಆದರೆ ಇದನ್ನು ಬರೀ 'ಸೌಂದರ್ಯದ ಶೋಕಿ' ಎಂದು ಹೀಗಳೆಯುವುದೂ ಸಲ್ಲದು. ಪರೇಲಿನ ಕೆ.ಇ.ಎಂ., ಸಾಯನ್ ಆಸ್ಪತ್ರೆಯಂತಹ ಮಹಾನಗರ ಪಾಲಿಕೆಯ ಆಸ್ಪತ್ರೆಗಳಲ್ಲೂ ಪ್ಲಾಸ್ಟಿಕ್ ಸರ್ಜರಿ ವಿಭಾಗಗಳಿವೆ. ಆರೋಗ್ಯ ವಿಮೆಯ ಪ್ರಮಾಣಿತ ಷರತ್ತಿನಂತೆ ರೂಪ ಬದಲಿಸುವ ಶಸ್ತ್ರಚಿಕಿತ್ಸೆಗೆ ಹಣ ಸಿಗುವುದಿಲ್ಲ. ಆರೋಗ್ಯಕ್ಕೆ ನೇರ ಅಪಾಯವಿದ್ದು ಚಿಕಿತ್ಸೆ ಅನಿವಾರ್ಯವೆಂದು ವೈದ್ಯರು ಪ್ರಮಾಣಪತ್ರ ಕೊಟ್ಟರೆ ವಿನಾಯಿತಿಗೆ ಎಡೆಯಿದೆ. ವರ್ಷಗಟ್ಟಲೆ ನೋವುಂಡರೂ ವೈದ್ಯರ ಬಳಿ ಬಾಯಿಬಿಡದವಳ ಕೈಯಲ್ಲಿ ಅದನ್ನು ತೋರಿಸುವ ಒಂದು ಚೀಟಿಯೂ ಇರುವುದಿಲ್ಲ. ನಾಚಿಕೆಯ ಬೆಲೆ ಹೀಗೆ ರೂಪಾಯಿಯಲ್ಲೂ ತೆರಬೇಕಾಗುತ್ತದೆ.

ಎಲ್ಲ ನೋವಿಗೂ ಇದೇ ಕಾರಣವೆಂದು ತಿಳಿಯುವುದೂ ತಪ್ಪು. ಎದೆಯಲ್ಲಿ ಗಂಟು, ಕೈಯಲ್ಲಿ ಬಲ ಕುಂದುವಿಕೆ ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಉಬ್ಬಸ, ಬೆವರಿನೊಡನೆ ಹಠಾತ್ತನೆ ಎದೆನೋವು ಬಂದರೆ ಅದು ಹೃದಯದ್ದಿರಬಹುದು. ಕೂಡಲೇ ಆಸ್ಪತ್ರೆ ಸೇರಬೇಕು.

ಸಂಘದ ವೇದಿಕೆಯಲ್ಲಿ ಇಂತಹ ವಿಷಯವೇ ಎಂದು ಕೆಲವು ಹಿರಿಯರು ಮೂಗು ಮುರಿಯಬಹುದು. ವೇದಿಕೆಯೇ ಬೇಕೆಂದೇನೂ ಇಲ್ಲ. ಶಿಬಿರದ ದಿನ ಪರದೆ ಕಟ್ಟಿದ ಒಂದು ಕೋಣೆ, ಒಬ್ಬ ಲೇಡಿ ಡಾಕ್ಟರು, ಒಬ್ಬ ಫಿಸಿಯೋಥೆರಪಿಸ್ಟು, ಒಂದು ಅಳತೆ ಟೇಪು ಇದ್ದರೆ ಸಾಕು. ಅರಸಿನ ಕುಂಕುಮ ಕಾರ್ಯಕ್ರಮದಲ್ಲಿ ಮಹಿಳೆಯರೇ ಸೇರಿರುವಾಗ ಅರ್ಧ ಗಂಟೆ ಇದಕ್ಕೆ ಮೀಸಲಿಡುವುದೂ ಕಷ್ಟವಲ್ಲ. ತಾಯಂದಿರು ಅಲ್ಲಿಗೆ ಹೆಣ್ಣುಮಕ್ಕಳನ್ನೂ ಕರೆತರಲಿ. ಮುಂದಿನ ಶಿಬಿರದ ಪಟ್ಟಿ ತಯಾರಿಸುವಾಗ ಮಹಿಳಾ ವಿಭಾಗದ ಕಾರ್ಯಾಧ್ಯಕ್ಷೆಯರು ಈ ಕೋಣೆಯನ್ನು ಮರೆಯದೆ ಸೇರಿಸಬೇಕಾಗಿದೆ.